ಕಾಪುವಿನ ಮನೆಯಲ್ಲಿ ಕುಡಿದ ಕಾಫಿ

ಕಾಫಿ ಕುಡಿದು ಮಗಳ ಮದುವೆ ಮುರಿದವಳು ಎಂದು ನಮ್ಮ ಕಡೆ ನನಗೊಂದು ಹೆಸರು ಬಂದಿದೆ. ಸಾರಾಯಿ ಕುಡಿದು ಮಕ್ಕಳ ಮದುವೆ ಮುರಿದ ಗಂಡಸರು ಪರ್ಕಳದಲ್ಲಿ ಬೇಕಾದಷ್ಟಿದ್ದಾರೆ, ಅವರಿಗೆ ಯಾರೂ ಹೆಸರಿಟ್ಟಿಲ್ಲ. ನಾನು ಅಂಗನವಾಡಿ ಟೀಚರ್, ಊರಿಡೀ ಪರಿಚಿತಳು, ಹಾಗಾಗಿ ನನಗೆ ಹೆಸರು ಬೇಗ ಅಂಟಿತು. ಅಂಟಿದ್ದು ಅಂಟಿತು, ಕಥೆಯನ್ನಾದರೂ ನಾನೇ ಸರಿಯಾಗಿ ಹೇಳುತ್ತೇನೆ. ಎದೆಬಡಿತ ಇದ್ದಕ್ಕಿದ್ದಂತೆ ಕೈತಪ್ಪಿ ಓಡುವ ಕಾಯಿಲೆ ಇರುವವರು, ‘ಕಾಫಿಯಿಂದ ಯಾರಾದರೂ ಆಸ್ಪತ್ರೆ ಸೇರುತ್ತಾರಾ’ ಎಂದು ಮನೆಯವರು ನಕ್ಕದ್ದನ್ನು ಕೇಳಿಸಿಕೊಂಡವರು ಇದನ್ನು ಓದಲಿ. ಉಳಿದವರು ಕಾಫಿ ಕುಡಿಯುತ್ತಾ ಓದಲಿ.

ಅಂಗನವಾಡಿ ಎಂದರೆ ಮಕ್ಕಳಿಗೆ ಹಾಡು ಹೇಳಿಕೊಡುವ ಕೆಲಸ ಎಂದು ತಿಳಿದವರಿದ್ದಾರೆ. ಬೆಳಿಗ್ಗೆ ಮಕ್ಕಳು, ಮಧ್ಯಾಹ್ನದ ಮೇಲೆ ಮನೆಮನೆ ತಿರುಗಾಟ. ಬಸುರಿಯರ ಮನೆ, ಬಾಣಂತಿಯರ ಮನೆ, ಸರ್ವೆ ಬಂದರೆ ಎಲ್ಲರ ಮನೆ, ಚುನಾವಣೆ ಬಂದರೆ ಮತ್ತೊಮ್ಮೆ ಎಲ್ಲರ ಮನೆ. ನಮ್ಮ ಕಡೆ ಯಾರ ಜಗಲಿ ಹತ್ತಿದರೂ ಮೊದಲ ಮಾತು ‘ಆಸರಿಗೆ ಎಂತ ಆಗಬಹುದು?’ ಆಸರು ಎಂದರೆ ಬಂದವರ ಬಾಯಾರಿಕೆಗೆ ಕೊಡುವುದು. ಅಜ್ಜಿಯರ ಕಾಲದಲ್ಲಿ ಅದು ಬೆಲ್ಲ ಮತ್ತು ನೀರು. ಈಗ ಕಾಫಿ, ಇಲ್ಲದಿದ್ದರೆ ಚಾ.

ಬೇಡ ಎನ್ನುವ ಹಾಗಿಲ್ಲ. ಬೇಡ ಎಂದರೆ ನಮ್ಮಲ್ಲಿ ಎರಡೇ ಅರ್ಥ. ಒಂದು, ನಿಮ್ಮ ಜಾತಿಯವರ ಕೈಯಿಂದ ನಾನು ಕುಡಿಯುವುದಿಲ್ಲ ಎಂಬುದು. ಇನ್ನೊಂದು, ನಿಮಗೂ ನಮಗೂ ಆಣೆ ಉಂಟು ಎಂಬುದು. ಹಿಂದಿನವರು ಜಗಳವಾಡಿ ದೈವದ ಎದುರು ಆಣೆ ಹಾಕಿಕೊಂಡಿದ್ದರೆ ಆ ಎರಡು ಮನೆಯವರು ಒಬ್ಬರಲ್ಲಿ ಇನ್ನೊಬ್ಬರು ನೀರು ಮುಟ್ಟುವುದಿಲ್ಲ. ಜಗಳ ಯಾವುದಕ್ಕೆ ಎಂದು ಮೊಮ್ಮಕ್ಕಳಿಗೆ ಮರೆತಿರುತ್ತದೆ, ಆಣೆ ಮಾತ್ರ ಮರೆತಿರುವುದಿಲ್ಲ.

ಕೆಲಸಕ್ಕೆ ಸೇರಿದಾಗಲೇ ನಾನು ತೀರ್ಮಾನ ಮಾಡಿಬಿಟ್ಟಿದ್ದೆ, ಯಾರ ಮನೆಯಲ್ಲೂ ಬೇಡ ಎನ್ನುವುದಿಲ್ಲ. ದೊಡ್ಡವರ ಮನೆಯ ಪಿಂಗಾಣಿ ಕಪ್ಪಿನಲ್ಲಿ ಕುಡಿದೆ, ದಲಿತರ ಕಾಲನಿಯ ಮನೆಗಳ ಸ್ಟೀಲ್ ಲೋಟದಲ್ಲಿ ಕುಡಿದೆ, ಬ್ಯಾರಿ ಮುಸ್ಲಿಮರ ಮನೆಯಲ್ಲಿ, ಕ್ರಿಶ್ಚಿಯನ್ನರ ಮನೆಯಲ್ಲಿ ಕುಡಿದೆ. ನನಗೆ ಅದರ ಬಗ್ಗೆ ಸ್ವಲ್ಪ ಜಂಬವೇ ಇತ್ತು. ಮನೆಗೆ ಬಂದು ಸುಸ್ತಾಯಿತು ಎಂದು ನನ್ನದೇ ಕಾಫಿ ಬೇರೆ ಮಾಡಿಕೊಳ್ಳುತ್ತಿದ್ದೆ. ಒಟ್ಟು ಎಷ್ಟಾಗುತ್ತಿತ್ತು ಎಂದು ಆಮೇಲೆ ಡಾಕ್ಟರ್ ಕೇಳಿದಾಗ ನನಗೆ ಹೇಳಲು ಬರಲಿಲ್ಲ.

ಮೊದಲು ಅದು ಬಂದದ್ದು ಒಬ್ಬ ಬಾಣಂತಿಯ ಮನೆಯಲ್ಲಿ, ಮಗುವಿನ ತೂಕ ನೋಡುತ್ತಿದ್ದಾಗ. ಸ್ವಿಚ್ ಹಾಕಿದ ಹಾಗೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ಮೆಲ್ಲಗೆ ಏರಿದ್ದಲ್ಲ, ಒಮ್ಮೆಲೇ. ಗಂಟಲಲ್ಲಿ, ಕಿವಿಯಲ್ಲಿ, ಕಣ್ಣಿನ ಹಿಂದೆ ಬಡಿತ. ಮಗುವನ್ನು ಅದರ ತಾಯಿಗೆ ಕೊಟ್ಟು ಗೋಡೆ ಹಿಡಿದು ಕೂತೆ. ಸ್ವಲ್ಪ ಹೊತ್ತಿನ ಮೇಲೆ ಸ್ವಿಚ್ ತೆಗೆದ ಹಾಗೆ ನಿಂತಿತು. ಆ ಮನೆಯವರು ಪಾಪ, ಹೆದರಿ, ಸುಧಾರಿಸಿಕೊಳ್ಳಲಿ ಎಂದು ಸ್ಟ್ರಾಂಗ್ ಆಗಿ ಇನ್ನೊಂದು ಕಾಫಿ ಮಾಡಿಕೊಟ್ಟರು. ನಾನು ಕುಡಿದೆ.

ಮನೆಯಲ್ಲಿ ಹೇಳಿದರೆ ನನ್ನ ಗಂಡ ಸುಧಾಕರ ಪೇಪರಿನಿಂದ ತಲೆ ಎತ್ತದೆ, “ಗ್ಯಾಸ್ ಅದು” ಎಂದರು. ಮಸ್ಕತ್ತಿನಿಂದ ಬಂದು ಪರ್ಕಳದಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟ ಮೇಲೆ ಅವರಿಗೆ ಪ್ರಪಂಚದ ಎಲ್ಲ ತೊಂದರೆಯ ಮೂಲವೂ ಗೊತ್ತಾಗಿಬಿಟ್ಟಿದೆ. ಎರಡನೆಯ ಸಲ ಬಂದಾಗ ನಾದಿನಿ, “ಮುಟ್ಟು ನಿಲ್ಲುವ ಪ್ರಾಯ ಅಲ್ವಾ ಅತ್ತಿಗೆ, ಎಲ್ಲರಿಗೂ ಆಗುವುದೇ” ಎಂದಳು. ಇಲ್ಲಿಯ ಡಾಕ್ಟರರ ಹತ್ತಿರ ಹೋದೆ. ಅವರು ಪರೀಕ್ಷೆ ಮಾಡುವಾಗ ಎದೆ ಸಂಭಾವಿತನ ಹಾಗೆ ಹೊಡೆದುಕೊಳ್ಳುತ್ತಿತ್ತು. ಟೆನ್ಶನ್ ಕಡಿಮೆ ಮಾಡಿ ಎಂದು ನಿದ್ದೆಯ ಗುಳಿಗೆ ಬರೆದುಕೊಟ್ಟರು. ಈ ಕಾಯಿಲೆಯ ಕ್ರೌರ್ಯ ಇದೇ, ಡಾಕ್ಟರ್ ಎದುರು ಅದು ಇರುವುದಿಲ್ಲ. ನೀವು ಸುಳ್ಳಿ ಎಂದು ಎಲ್ಲರೂ ನಂಬುತ್ತಾರೆ, ಕೊನೆಗೆ ನೀವೂ ಸ್ವಲ್ಪ ನಂಬುತ್ತೀರಿ.

ಅದು ಸಿಕ್ಕಿಬಿದ್ದದ್ದು ಕಾರ್ಕಳದಲ್ಲಿ. ಭಾವನವರ ಹೊಸ ಮನೆಯ ಒಕ್ಕಲು. ಹೋದ ಕೂಡಲೇ ಒಂದು ಕಾಫಿ, ಪೂಜೆ ತಡವಾಯಿತು ಎಂದು ಇನ್ನೊಂದು. ಊಟಕ್ಕೆ ಕೂತಾಗ ಶುರುವಾಯಿತು, ಈ ಸಲ ನಿಲ್ಲಲಿಲ್ಲ. ಮಗಳು ದೀಕ್ಷಾ ನನ್ನ ಮುಖ ನೋಡಿ ತನ್ನ ಎಲೆಯಿಂದ ಎದ್ದಳು. ಅಪ್ಪ ಊಟ ಮುಗಿಯಲಿ ಎಂದರೂ ಕೇಳದೆ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಸಣ್ಣ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿಯ ಮುದಿ ಡಾಕ್ಟರು ಇಸಿಜಿ ಕಾಗದ ಹೊರಬರುತ್ತಿದ್ದ ಹಾಗೆ, “ಸಿಕ್ಕಿತು ನೋಡಿ” ಎಂದು ಮೀನು ಸಿಕ್ಕಿದಷ್ಟು ಖುಷಿಪಟ್ಟರು. ಮೂಗು ಬಾಯಿ ಮುಚ್ಚಿ, ಹೊಟ್ಟೆಗೆ ಬಲ ಕೊಟ್ಟು ಮುಕ್ಕಲು ಹೇಳಿದರು. ಮುಕ್ಕಿದೆ, ನಿಂತಿತು. ದೀಕ್ಷಾ ನನ್ನನ್ನು ತಬ್ಬಿಕೊಂಡು ಅತ್ತಳು. ಆಮೇಲೆ ನಡೆದದ್ದನ್ನು ಓದುವಾಗ ಇದನ್ನೂ ನೆನಪಿಟ್ಟುಕೊಳ್ಳಿ. ನಾನಂತೂ ಮರೆಯದೆ ಇಟ್ಟುಕೊಂಡಿದ್ದೇನೆ.

ಕಾಗದ ಹಿಡಿದು ಮಣಿಪಾಲಕ್ಕೆ ಹೋದೆವು. ದೊಡ್ಡ ಆಸ್ಪತ್ರೆಯ ಕಾಯುವ ಜಾಗದಲ್ಲಿ ಕೂತವರಿಗೆ ಒಂದೇ ಕೆಲಸ, ಪಕ್ಕದವರ ಕಾಯಿಲೆ ನಮ್ಮದಕ್ಕಿಂತ ದೊಡ್ಡದಾ ಎಂದು ಅಳೆಯುವುದು. ನನ್ನ ಪಕ್ಕ ಸೆವ್ರಿನ್ ಬಾಯಿ ಎಂಬ ಹೆಂಗಸು ಕೂತಿದ್ದರು, ಕಾರ್ಕಳದ ಅತ್ತೂರಿನ ಕಡೆಯವರು. ನನ್ನ ಕಥೆ ಕೇಳಿ, “ನನಗೂ ಕಾಫಿ ಬಿಡಿ ಅಂದಿದ್ರು. ನಾನು ಡಾಕ್ಟರನ್ನೇ ಬಿಟ್ಟೆ” ಎಂದರು. “ಮತ್ತೆ ಈಗ?” ಎಂದೆ. “ಈಗ ಎಂತ, ನನ್ನನ್ನು ಕರ್ಕೊಂಡು ಬರ್ಲಿಕ್ಕೆ ಇಬ್ಬರು ಬೇಕು” ಎಂದು ನಕ್ಕರು. ನಗುವಾಗ ಅವರಿಗೆ ಉಸಿರು ಸಾಲುತ್ತಿರಲಿಲ್ಲ. ದೀಕ್ಷಾಗೂ ನನಗೂ ನಗು ಬಂತು, ನಿಲ್ಲಿಸಲಿಕ್ಕಾಗಲಿಲ್ಲ. ಅಷ್ಟು ಹೆದರಿದ್ದೆವು.

ಡಾಕ್ಟರ್ ಚಿಕ್ಕ ಪ್ರಾಯದ ಹುಡುಗಿ. ನಿಧಾನವಾಗಿ ಹೇಳಿದಳು. ನನ್ನ ಹೃದಯದಲ್ಲಿ ಹುಟ್ಟಿನಿಂದಲೇ ಕರೆಂಟು ಹೋಗುವ ಒಂದು ದಾರಿ ಹೆಚ್ಚಿಗೆ ಉಂಟಂತೆ. ಕಾಫಿ ಎಲ್ಲರಿಗೂ ಹೀಗೆ ಮಾಡುವುದಿಲ್ಲ, ನನ್ನಂಥವರಿಗೆ ಕೆಲವರಿಗೆ ಅದು ಆ ದಾರಿಯನ್ನು ತೆರೆದುಬಿಡುತ್ತದೆ. ಕಾಫಿ, ಚಾ, ಕೋಲಾ ಯಾವುದೂ ಬೇಡ, ದಿನಾ ಗುಳಿಗೆ ತೆಗೆದುಕೊಳ್ಳಬೇಕು. ಪೂರ್ತಿ ಗುಣವಾಗಬೇಕಾದರೆ ತೊಡೆಯ ಸಂದಿಯಿಂದ ತಂತಿ ಹಾಕಿ ಆ ದಾರಿಯನ್ನು ಸುಡಬಹುದು ಎಂದಳು. ದೀಕ್ಷಾ ತಕ್ಷಣ ಕೇಳಿದಳು, “ಇದು ಮಕ್ಕಳಿಗೆ ಬರುತ್ತದಾ?” “ಸಾಮಾನ್ಯವಾಗಿ ಇಲ್ಲ” ಎಂದಳು ಡಾಕ್ಟರ್. ಸುಡುವುದನ್ನು ಮುಂದೆ ಹಾಕಿದೆವು. ಅದಕ್ಕೆ ಕಾರಣವಿತ್ತು, ದೀಕ್ಷಾಳ ಮದುವೆ.

ಅದಕ್ಕೆ ಮೊದಲು ಕಾಫಿ ಬಿಟ್ಟ ಕಥೆ ಹೇಳಬೇಕು. ಬಿಟ್ಟ ಮರುದಿನವೇ ತಲೆನೋವು ಬಂತು. ಹಣೆಗೆ ಬಟ್ಟೆ ಬಿಗಿದು ಕಟ್ಟಿಕೊಂಡು ಮಕ್ಕಳ ಎದುರು ಕೂತೆ. ಮಕ್ಕಳ ಹಾಡು ಕೇಳಿದರೆ ಹೊಡೆಯಬೇಕು ಎನ್ನಿಸುತ್ತಿತ್ತು. ತಡೆಯಲಾಗದೆ ಮೆಡಿಕಲ್ ಅಂಗಡಿಯಿಂದ ತಲೆನೋವಿನ ಗುಳಿಗೆ ತಂದು ನುಂಗಿದೆ, ಸಂಜೆಗೆ ಎದೆ ಓಡತೊಡಗಿತು. ಆ ಗುಳಿಗೆಯಲ್ಲೂ ಕೆಫೀನ್ ಇತ್ತು. ಸಿಟ್ಟಿನಿಂದ ಗುಳಿಗೆಯ ಹಾಳೆಯನ್ನು ಅಂಗಳಕ್ಕೆ ಎಸೆದೆ. “ಹಾಳಾದ್ದು ಬಿಡಲಿಕ್ಕೆ ಹೋದರೂ ಬಿಡುವುದಿಲ್ಲ” ಎಂದು ಅತ್ತುಬಿಟ್ಟೆ. ಇವರು ನನ್ನ ಎದುರೇ ಸೊರ್ ಎಂದು ಕಾಫಿ ಹೀರುತ್ತಾ, “ಅಷ್ಟೂ ಮನಸ್ಸು ಗಟ್ಟಿ ಇಲ್ಲವಾ ನಿನಗೆ?” ಎಂದರು.

ತಲೆನೋವು ಹೋಯಿತು. ಮನೆಮನೆಯ ಆಸರು ಹೋಗಲಿಲ್ಲ. ಕಾಲನಿಯಲ್ಲಿ ಅಪ್ಪಿಯಕ್ಕ ಎಂಬ ಅಜ್ಜಿಯಿದ್ದಾಳೆ, ಅವಳ ಮೂವರು ಮೊಮ್ಮಕ್ಕಳೂ ನನ್ನ ಕೈಯಲ್ಲೇ ಅಕ್ಷರ ಕಲಿತವರು. ಅವಳ ಮನೆಯಲ್ಲಿ ಕಾಫಿ ಬೇಡ, ನೀರು ಕೊಡಿ ಎಂದೆ. ಡಾಕ್ಟರ್ ಬಿಡಲು ಹೇಳಿದ್ದಾರೆ ಎಂದೂ ಹೇಳಿದೆ. ಅವಳು ನನ್ನನ್ನೇ ನೋಡಿದಳು. “ಆಯ್ತು ಟೀಚರೇ. ಎಲ್ಲರೂ ಡಾಕ್ಟರ್ ಹೇಳಿದ್ದು ಅಂತಲೇ ಹೇಳುವುದು. ನೀವೊಬ್ಬರು ಕುಡಿಯುತ್ತಿದ್ದಿರಿ” ಎಂದಳು. ಸೊಸೆ ತಂದಿಟ್ಟ ಲೋಟವನ್ನು ಒಳಗೆ ತೆಗೆದುಕೊಂಡು ಹೋದಳು. ಮುಂದಿನ ಸಲ ಹೋದಾಗ ಅವರು ಆಸರಿಗೆ ಎಂತ ಎಂದು ಕೇಳಲೇ ಇಲ್ಲ. ಇಷ್ಟು ವರ್ಷ ಕುಡಿದದ್ದೆಲ್ಲ ಒಂದು ‘ಬೇಡ’ದಲ್ಲಿ ಹೋಯಿತು. ಎದೆ ಓಡುವಾಗಲೂ ನನಗೆ ಅಷ್ಟು ನೋವಾಗಿರಲಿಲ್ಲ.

ಈಗ ಮದುವೆಯ ವಿಷಯ. ದೀಕ್ಷಾ ಮಣಿಪಾಲದಲ್ಲಿ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಅಲ್ಲೇ ಕೆಲಸ ಮಾಡುತ್ತಿದ್ದ ಕಾಪುವಿನ ಪ್ರಜ್ವಲ್ ಎಂಬ ಹುಡುಗನನ್ನು ಮೆಚ್ಚಿದ್ದಳು. ನಮ್ಮದೇ ಜಾತಿ, ಬಳಿ, ಅಂದರೆ ತಾಯಿಯಿಂದ ಬರುವ ಗೋತ್ರ, ಬೇರೆ, ಕಡಿಯಾಳಿಯ ಜೋಯಿಸರು ಜಾತಕ ನೋಡಿ ಒಳ್ಳೆಯ ಕೂಟ ಎಂದಿದ್ದರು. ಪ್ರೀತಿಸಿದ ಹುಡುಗನ ಜಾತಕವೂ ಕೂಡಿಬರುವುದು ಎಲ್ಲರ ಪಾಲಿಗೂ ಇರುವುದಿಲ್ಲ. ಮಗಳು ಮನೆಯಲ್ಲಿ ಹಾಡಿಕೊಂಡು ತಿರುಗುತ್ತಿದ್ದಳು. ಪ್ರಜ್ವಲನಿಗೆ ತಂದೆಯಿಲ್ಲ. ನಮ್ಮವರಲ್ಲಿ ತಾಯಿಯ ಅಣ್ಣತಮ್ಮಂದಿರ ಮಾತೇ ಮಾತು, ಆ ಮನೆಯಲ್ಲಿ ತಾಯಿಯ ಅಣ್ಣ ವಿಠಲಣ್ಣ ಹೂಂ ಎಂದರೆ ಮದುವೆ. ಅವರು ನಮ್ಮನ್ನು ಮನೆ ನೋಡಲು ಕರೆದರು. ನಿಶ್ಚಿತಾರ್ಥದ ದಿನವನ್ನೂ ಅಲ್ಲೇ ಮಾತಾಡುವುದೆಂದಾಯಿತು.

ಹೊರಡುವ ಮೊದಲು ಮನೆಯಲ್ಲಿ ನನಗೆ ಪಾಠವಾಯಿತು. “ಆಸ್ಪತ್ರೆಯ ಸುದ್ದಿ ಬಾಯಿಂದ ಹೊರಡಬಾರದು” ಎಂದರು ಇವರು. “ನಿಶ್ಚಿತಾರ್ಥ ಆಗಲಿ, ಮೆಲ್ಲ ನಾನೇ ಹೇಳುತ್ತೇನೆ ಅಮ್ಮ” ಎಂದಳು ದೀಕ್ಷಾ. ಅದು ನನಗೂ ಸರಿ ಕಂಡಿತು. ಯಾವ ಮನೆಯವರು ಮೊದಲ ದಿನವೇ ಕಾಯಿಲೆಯ ಚೀಲ ಬಿಚ್ಚುತ್ತಾರೆ? “ಕಾಫಿ ಕೊಟ್ಟರೆ?” ಎಂದೆ. “ಸಂಕಷ್ಟಿ ಉಪವಾಸ ಎಂದುಬಿಡು” ಎಂದರು ಇವರು. ಸಂಕಷ್ಟಿ ಹಿಡಿದವರು ದಿನವಿಡೀ ಕುಡಿಯುವುದೇ ಕಾಫಿ, ಅದೂ ಇವರಿಗೆ ಗೊತ್ತಿರಲಿಲ್ಲ. ನೀರು ಸಾಕು ಎನ್ನುತ್ತೇನೆ, ನೋಡುವ ಎಂದುಕೊಂಡು ಹೊರಟೆ.

ಕಾಪುವಿನಲ್ಲಿ ಅವರ ಮನೆ ಕಡಲಿಗೆ ಹತ್ತಿರ, ಮಾತಿನ ನಡುವೆ ತೆರೆಯ ಶಬ್ದ ಕೇಳುತ್ತಿತ್ತು. ಪ್ರಜ್ವಲನ ತಾಯಿ ಸರೋಜಿನಿ ಒಳ್ಳೆಯ ಹೆಂಗಸು, ಇವತ್ತಿಗೂ ನಾನು ಹಾಗೇ ಹೇಳುತ್ತೇನೆ. ಬೆಳಿಗ್ಗೆಯೇ ಡಿಕಾಕ್ಷನ್ ಇಳಿಸಿ ಇಟ್ಟಿದ್ದರಂತೆ. ಎಲ್ಲರಿಗೂ ಕೊಟ್ಟು ನನ್ನ ಎದುರು ಗ್ಲಾಸ್ ಹಿಡಿದರು. “ನನಗೆ ನೀರು ಸಾಕು” ಎಂದೆ.

“ಚಾ ಮಾಡಬೇಕಾ?”

“ಬೇಡ, ನೀರೇ ಸಾಕು.”

“ನಮ್ಮ ಮನೆಗೆ ಮೊದಲ ಸಲ ಬಂದದ್ದು. ಒಂದು ಆಸರು ಕುಡಿಯದಿದ್ದರೆ ಹೇಗೆ?” ಅವರ ಕೈಯಲ್ಲಿದ್ದ ಗ್ಲಾಸ್ ಹಾಗೇ ಇತ್ತು.

ವಿಠಲಣ್ಣ ತಮ್ಮ ಕಪ್ಪನ್ನು ಕೆಳಗಿಟ್ಟರು. “ನಿಮ್ಮ ತಾಯಿಯ ಕಡೆಯವರು ಮೊದಲು ಎಲ್ಲಿದ್ದದ್ದು?” ಎಂದು ಕೇಳಿದರು. ಹೇಳಿದೆ. “ಹಾಗಾದರೆ ಇಲ್ಲಿಗೆ ಹತ್ತಿರವೇ ಆಯ್ತಲ್ಲ. ಹಿಂದಿನವರದ್ದು ಎಂತಾದರೂ ಉಂಟಾ? ಆಣೆ ಗೀಣೆ? ಇದ್ದರೆ ಈಗಲೇ ಹೇಳಿಬಿಡಬೇಕು. ಆಣೆ ಇರುವಲ್ಲಿ ಹೆಣ್ಣು ತರುವ ಧೈರ್ಯ ನಮಗಿಲ್ಲ.”

“ಅಯ್ಯೋ, ಹಾಗೆಂತ ಇಲ್ಲ” ಎಂದರು ಇವರು. ಹೇಳುವ ಧಾಟಿಯೇ ಏನೋ ಇದೆ ಎನ್ನುವ ಹಾಗಿತ್ತು. ನಾನು ದೀಕ್ಷಾಳನ್ನು ನೋಡಿದೆ. ಅವಳು ನನ್ನನ್ನು ನೋಡಿ ಕಣ್ಣಿನಿಂದ ಗ್ಲಾಸನ್ನು ತೋರಿಸಿದಳು. ಒಮ್ಮೆಯಲ್ಲ, ಎರಡು ಸಲ.

ಗ್ಲಾಸ್ ತೆಗೆದುಕೊಂಡು ಕುಡಿದೆ. “ಹಾಗೇ ಸಂಕೋಚ ಅಷ್ಟೇ” ಎಂದೆ. ಎಲ್ಲರೂ ನಕ್ಕರು, ತಿಂಡಿಯ ತಟ್ಟೆಗಳು ಓಡಾಡತೊಡಗಿದವು. ಕಾಫಿ ಬಹಳ ಚೆನ್ನಾಗಿತ್ತು. ತಿಂಗಳುಗಟ್ಟಲೆ ಬಿಟ್ಟವಳಿಗೆ ಅದು ಗಂಟಲಿಗಿಳಿದಾಗ ಆದ ಸುಖವನ್ನು ಮುಚ್ಚಿಡುವುದಿಲ್ಲ.

ನಿಶ್ಚಿತಾರ್ಥಕ್ಕೆ ಯಾವ ವಾರ ಒಳ್ಳೆಯದು ಎಂದು ಮಾತಾಡುತ್ತಿದ್ದಾಗ ಸ್ವಿಚ್ ಬಿತ್ತು. ಗುಳಿಗೆ ಉಂಟಲ್ಲ, ನಿಲ್ಲುತ್ತದೆ ಎಂದುಕೊಂಡೆ. ನಿಲ್ಲಲಿಲ್ಲ. ಕುರ್ಚಿಯಲ್ಲೇ ಕೂತು ಉಸಿರು ಕಟ್ಟಿ ಮೆಲ್ಲಗೆ ಮುಕ್ಕಿದೆ. ಸರೋಜಿನಿ ನನ್ನ ಮುಖ ನೋಡಿ ಬೇರೆಯೇ ತಿಳಿದು, ಕಿವಿಯ ಹತ್ತಿರ ಬಂದು, “ಬಾತ್ರೂಮು ಆ ಕಡೆ ಉಂಟು” ಎಂದರು. ಒಳ್ಳೆಯದೇ ಆಯಿತೆಂದು ಎದ್ದು ಹೋದೆ. ಬಾಗಿಲು ಹಾಕಿ, ಗೋಡೆ ಹಿಡಿದು, ಹೆರಿಗೆ ನೋವಿನವಳ ಹಾಗೆ ಮುಕ್ಕಿದೆ. ತಣ್ಣೀರು ಮುಖಕ್ಕೆ ಎರಚಿಕೊಂಡೆ. ಹೊರಗೆ ವಿಠಲಣ್ಣ ಯಾವುದೋ ಹಾಲ್‌ನ ಹೆಸರು ಹೇಳುತ್ತಿದ್ದರು, ದೀಕ್ಷಾ ನಗುತ್ತಿದ್ದಳು. ದೇವರೇ, ಇವಳ ನಿಶ್ಚಿತಾರ್ಥದ ದಿನ ಗೊತ್ತಾಗುವವರೆಗೆ ನನ್ನನ್ನು ನಿಲ್ಲಿಸು ಎಂದು ಬೇಡಿಕೊಂಡೆ. ಕಣ್ಣು ಕತ್ತಲೆ ಬಂತು. ಆಮೇಲೆ ಬಕೆಟ್ ಉರುಳಿದ ಶಬ್ದ ಮಾತ್ರ ನೆನಪಿದೆ.

ಎಚ್ಚರವಾದಾಗ ಕಾರಿನಲ್ಲಿದ್ದೆ. ಪ್ರಜ್ವಲ್ ಕಾರು ಓಡಿಸುತ್ತಿದ್ದ, ಪಕ್ಕದಲ್ಲಿ ವಿಠಲಣ್ಣ. ಹಿಂದೆ ನನ್ನ ಆಚೆಯೊಬ್ಬರು ಈಚೆಯೊಬ್ಬರು ಗಂಡ, ಮಗಳು. “ಸೀದಾ ಮಣಿಪಾಲಕ್ಕೇ ಹೋಗುವ” ಎಂದ ಪ್ರಜ್ವಲ್. “ಬೇಡ ಬೇಡ, ಉಡುಪಿಯಲ್ಲೇ ತೋರಿಸುವ, ಹತ್ತಿರ” ಎಂದರು ಇವರು. ಕಾಪುವಿನಿಂದ ಉಡುಪಿ ಹತ್ತಿರ, ಅದು ನಿಜ. ಆದರೆ ಇವರು ಹಾಗೆ ಹೇಳಿದ್ದು ಅದಕ್ಕಲ್ಲ ಎಂದು ಆ ಓಡುವ ಎದೆಯಲ್ಲೂ ನನಗೆ ಗೊತ್ತಾಯಿತು. ಮಣಿಪಾಲದಲ್ಲಿ ನನ್ನ ಗುರುತಿತ್ತು, ಉಡುಪಿಯ ಆಸ್ಪತ್ರೆಯಲ್ಲಿ ನಾನು ಹೊಸಬಳು.

ಎಮರ್ಜೆನ್ಸಿಯಲ್ಲಿ ಪರದೆ ಎಳೆದು ಮಲಗಿಸಿದರು. ಬೆರಳಿಗೆ, ಎದೆಗೆ, ಕೈಗೆ ಏನೇನೋ ಅಂಟಿಸಿದರು. ವಿಠಲಣ್ಣ ಪರದೆಯ ಆಚೆ ನಿಂತಿದ್ದರು, ಅವರ ಚಪ್ಪಲಿ ನನಗೆ ಕಾಣುತ್ತಿತ್ತು. ಡ್ಯೂಟಿ ಡಾಕ್ಟರ್ ಕೇಳಿದರು, “ಮೊದಲು ಯಾವಾಗಾದರೂ ಹೀಗಾಗಿತ್ತಾ?”

“ಇಲ್ಲ” ಎಂದರು ಇವರು. “ಗಟ್ಟಿಮುಟ್ಟಾಗಿಯೇ ಇದ್ದಳು.”

“ಯಾವುದಾದರೂ ಗುಳಿಗೆ ತೆಗೆದುಕೊಳ್ಳುತ್ತಿದ್ದಾರಾ?”

“ಎಂತ ಇಲ್ಲ ಡಾಕ್ಟರ್” ಎಂದಳು ದೀಕ್ಷಾ. ನನ್ನ ಕೈ ಅವಳ ಕೈಯಲ್ಲಿತ್ತು.

ಇಂಜೆಕ್ಷನ್ ಕೊಡುತ್ತೇವೆ, ಒಂದು ಕ್ಷಣ ಸತ್ತ ಹಾಗೆ ಅನ್ನಿಸಬಹುದು, ಹೆದರಬೇಡಿ ಎಂದರು. ಡಾಕ್ಟರುಗಳು ಇಷ್ಟು ಸತ್ಯ ಹೇಳುವುದನ್ನು ನಾನು ಬೇರೆಲ್ಲೂ ಕೇಳಿಲ್ಲ. ಔಷಧಿ ಒಳಗೆ ಹೋದದ್ದೇ ತಡ, ಯಾರೋ ಎದೆಯ ಮೇಲೆ ಕೂತು ಗಂಟಲು ಅದುಮಿದರು. ಹೊಟ್ಟೆಯೊಳಗಿನಿಂದ ನೆಲವೇ ಕಳಚಿ ಬಿತ್ತು. ಮುಗಿಯಿತು ನನ್ನದು ಎಂದುಕೊಂಡೆ, ಮಗಳ ಹೆಸರು ಕರೆದೆನೋ ಇಲ್ಲವೋ ಗೊತ್ತಿಲ್ಲ. ಮರುಕ್ಷಣ ಎಲ್ಲ ಹಿಂದಕ್ಕೆ ಬಂತು. ಎದೆಯ ಓಟವೂ ಹಿಂದಕ್ಕೆ ಬಂತು. ಸತ್ತದ್ದು ದಂಡವಾಯಿತು.

“ನಿಲ್ಲಬೇಕಿತ್ತು” ಎಂದರು ಡಾಕ್ಟರ್. “ಈಗ ಇವರು ಎಂತ ಕುಡಿದಿದ್ದಾರೆ?”

ಪರದೆಯ ಆಚೆಯಿಂದ ವಿಠಲಣ್ಣ ಹೇಳಿದರು, “ನಮ್ಮಲ್ಲಿ ಕಾಫಿ ಕುಡಿದಿದ್ದಾರೆ. ಒಳ್ಳೆಯ ಡಿಕಾಕ್ಷನ್ ಕಾಫಿ.”

“ಅದೇ. ಕಾಫಿ ಕುಡಿದಿದ್ದರೆ ಈ ಇಂಜೆಕ್ಷನ್ ಸರಿಯಾಗಿ ಹಿಡಿಯುವುದಿಲ್ಲ. ಇನ್ನೊಮ್ಮೆ ಹೆಚ್ಚು ಕೊಟ್ಟು ನೋಡುತ್ತೇನೆ. ಅದಕ್ಕೂ ನಿಲ್ಲದಿದ್ದರೆ ಬೇರೆ ಔಷಧಿ ಕೊಡಬೇಕು. ಕೆಲವು ಗುಳಿಗೆ ತೆಗೆದುಕೊಳ್ಳುವವರಿಗೆ ಅದನ್ನು ಕೊಟ್ಟರೆ ಹೃದಯ ನಿಂತೇ ಹೋಗಬಹುದು. ಅದಕ್ಕೇ ಪುನಃ ಕೇಳುತ್ತಿದ್ದೇನೆ, ಯಾವ ಗುಳಿಗೆಯೂ ಇಲ್ಲವಾ? ಸರಿಯಾಗಿ ಹೇಳಿ.”

ಇವರು ಪರದೆಯ ಕಡೆ ನೋಡಿದರು. ನಾನು ದೀಕ್ಷಾಳ ಕಡೆ ನೋಡಿದೆ. ನನ್ನ ಗುಳಿಗೆಯ ಹೆಸರು ಅವಳಿಗೆ ಬಾಯಿಪಾಠ, ಪ್ರತೀ ಸಲ ಮೆಡಿಕಲ್‌ನಿಂದ ತರುತ್ತಿದ್ದವಳೇ ಅವಳು. ಅವಳ ತುಟಿ ಒಣಗಿತ್ತು.

“ಇಲ್ಲ” ಎಂದಳು.

ಮುಖದ ಮೇಲಿದ್ದ ಮಾಸ್ಕನ್ನು ನಾನೇ ಸರಿಸಿದೆ. “ಉಂಟು ಡಾಕ್ಟರೇ. ದಿನಾ ಗುಳಿಗೆ ಉಂಟು. ಮಣಿಪಾಲದಲ್ಲಿ ತೋರಿಸಿದ್ದೇನೆ, ಮೊದಲೂ ತುಂಬಾ ಸಲ ಆಗಿದೆ. ಕಾಫಿ ಕುಡಿಯಬಾರದು ಎಂದಿದ್ದರು, ಕುಡಿದೆ” ಎಂದೆ. ಗುಳಿಗೆಯ ಹೆಸರನ್ನೂ ಹೇಳಿದೆ. ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ ಎಂದು ಕಾಣುತ್ತದೆ. ಪರದೆಯ ಕೆಳಗಿದ್ದ ಚಪ್ಪಲಿಗಳು ತಿರುಗಿ ಹೋದವು. ದೀಕ್ಷಾ ನನ್ನ ಕೈ ಬಿಟ್ಟಳು.

ಎರಡನೆಯ ಇಂಜೆಕ್ಷನ್ ಕೊಟ್ಟರು. ಪುನಃ ಸತ್ತೆ, ಈ ಸಲ ಹಿಡಿದುಕೊಳ್ಳಲು ಮಂಚದ ಸರಳು ಮಾತ್ರ ಇತ್ತು. ಎದೆ ನಿಂತು, ಆಮೇಲೆ ಮೆಲ್ಲಗೆ, ತನಗೇನೂ ಗೊತ್ತೇ ಇಲ್ಲದ ಹಾಗೆ ಹೊಡೆದುಕೊಳ್ಳತೊಡಗಿತು. ನರ್ಸ್ ಒಬ್ಬಳು ನನ್ನ ಕಣ್ಣೀರು ಒರೆಸಿ ಕಾಲಿಗೆ ಹೊದಿಕೆ ಎಳೆದಳು. ಅವಳ ಹೆಸರೂ ನಾನು ಕೇಳಲಿಲ್ಲ. ಆ ದಿನ ನನ್ನ ಮೈ ಮುಟ್ಟಿದವರಲ್ಲಿ ಏನೂ ಲೆಕ್ಕ ಹಾಕದೆ ಮುಟ್ಟಿದವಳು ಅವಳೊಬ್ಬಳೇ.

ವಿಠಲಣ್ಣ ಫೋನ್ ಮಾಡುವವರೆಗೂ ನಮ್ಮ ಮನೆಯಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ಫೋನ್ ಬಂದಾಗ ಇವರು ಸ್ಪೀಕರ್‌ಗೆ ಹಾಕಿದರು. ವಿಠಲಣ್ಣ ಸಿಟ್ಟು ಮಾಡಲಿಲ್ಲ, ಬಹಳ ಮರ್ಯಾದೆಯಿಂದ ಮಾತಾಡಿದರು.

“ನೀವು ಮುಚ್ಚಿಟ್ಟದ್ದಕ್ಕೆ ಬೇಸರ ಇಲ್ಲ ಸುಧಾಕರಣ್ಣ. ಹೆಣ್ಣು ಹೆತ್ತವರು ಮುಚ್ಚಿಡುತ್ತಾರೆ. ಆದರೆ ಇದು ಹುಟ್ಟಿನಿಂದ ಬಂದದ್ದಂತೆ ಅಲ್ವಾ?”

“ಮಕ್ಕಳಿಗೆ ಬರುವುದಿಲ್ಲ ಅಂತ ಡಾಕ್ಟರೇ ಹೇಳಿದ್ದಾರೆ” ಎಂದೆ ನಾನು ನಡುವೆ ಬಾಯಿ ಹಾಕಿ.

“ಅಕ್ಕ, ಡಾಕ್ಟರಿಗೆ ನಮ್ಮ ಕ್ರಮ ಗೊತ್ತಿಲ್ಲ. ನಮ್ಮಲ್ಲಿ ಬಳಿ ತಾಯಿಯಿಂದ, ಆಸ್ತಿ ತಾಯಿಯಿಂದ, ದೈವದ ಪಾಲು ಕೂಡ ತಾಯಿಯಿಂದ. ರೋಗ ಮಾತ್ರ ತಂದೆಯಿಂದ ಬರುತ್ತದಾ?”

ಬಳಿ ನನ್ನದೇ ಮಗಳಿಗೆ ಹೋಗುತ್ತದೆ ಎಂದು ನಾನೇ ಎಷ್ಟು ಸಲ ಇವರ ಎದುರು ಹೆಮ್ಮೆ ಕೊಚ್ಚಿಕೊಂಡಿಲ್ಲ. ಪ್ರಜ್ವಲ್ ಏನು ಮಾಡಿದ ಎಂದು ಕೇಳುತ್ತೀರಿ. ಮಾವ ಒಪ್ಪುವುದಿಲ್ಲ ಎಂದು ಒಂದು ಮೆಸೇಜು ಕಳಿಸಿದ. ಸತ್ತೇಹೋಗುತ್ತಿದ್ದವಳನ್ನು ಅಷ್ಟು ಜೋರಾಗಿ ಕಾರು ಓಡಿಸಿ ಉಳಿಸಿದ ಹುಡುಗನಿಗೆ ಮಾವನ ಎದುರು ಒಂದು ಮಾತು ತೆಗೆಯಲು ಧೈರ್ಯ ಬರಲಿಲ್ಲ.

ಫೋನ್ ಇಟ್ಟ ಮೇಲೆ ದೀಕ್ಷಾ ನನ್ನ ಎದುರು ಬಂದು ನಿಂತಳು.

“ಒಂದು ಗ್ಲಾಸ್ ಕಾಫಿ ಬೇಡ ಅನ್ನಲಿಕ್ಕೆ ನಿನಗೆ ಬರಲಿಲ್ಲ” ಎಂದಳು.

“ಕುಡಿ ಅಂತ ಕಣ್ಣು ಮಾಡಿದ್ದು ನೀನೇ ಅಲ್ವಾ?”

“ಕುಡಿ ಅಂತ ಹೇಳಿದ್ದೆ. ಗುಳಿಗೆಯ ವಿಷಯ ಹೇಳು ಅಂತ ಹೇಳಿದ್ದೇನಾ?”

“ಸಾಯುತ್ತಿದ್ದೆ ದೀಕ್ಷಾ.”

“ಎರಡನೇ ಇಂಜೆಕ್ಷನ್‌ಗೆ ನಿಂತಿತಲ್ಲ. ಬೇರೆ ಔಷಧಿ ಕೊಡಲೇ ಇಲ್ಲ. ನೀನು ಸುಮ್ಮನಿದ್ದರೂ ಬದುಕುತ್ತಿದ್ದಿ.”

ಅವಳು ಹೇಳಿದ್ದು ನಿಜ. ಅದೇ ನನಗೆ ತಡೆಯಲಾಗದ್ದು. ಸುಮ್ಮನಿದ್ದರೂ ನಾನು ಬದುಕುತ್ತಿದ್ದೆ, ಅವಳ ಮದುವೆಯೂ ಆಗುತ್ತಿತ್ತು. ಆದರೆ ಆ ಮಂಚದ ಮೇಲೆ ಮಲಗಿದ್ದಾಗ ಅದು ಯಾರಿಗೆ ಗೊತ್ತಿತ್ತು? ಅವಳಿಗೂ ಗೊತ್ತಿರಲಿಲ್ಲ, ಗೊತ್ತಿಲ್ಲದೆಯೇ ಇಲ್ಲ ಎಂದಳು. ಇವರು ಒಳಗೆ ಟಿವಿ ಹಾಕಿದರು.

ಈ ಕಾಯಿಲೆಯವರಿಗೆ ನಾನು ಹೇಳುವ ಬುದ್ಧಿಮಾತು ಒಂದೇ. ನಿಮ್ಮ ಗುಳಿಗೆಯ ಹೆಸರನ್ನು ನೀವೇ ಬಾಯಿಪಾಠ ಮಾಡಿಕೊಳ್ಳಿ. ಮನೆಯವರ ಬಾಯಿಗೆ ಬಿಡಬೇಡಿ. ಅವರು ನಿಮ್ಮನ್ನು ಪ್ರೀತಿಸುತ್ತಾರೆ ನಿಜ, ಆದರೆ ಪರದೆಯ ಆಚೆ ಯಾರು ನಿಂತಿದ್ದಾರೆ ಎಂಬುದೂ ಅವರಿಗೆ ಮುಖ್ಯ. ಮತ್ತೊಮ್ಮೆ ಆ ಮಂಚದ ಮೇಲೆ ಮಲಗಿಸಿ ಕೇಳಿದರೂ ನಾನು ಉಂಟು ಎಂದೇ ಹೇಳುತ್ತೇನೆ.

ಮದುವೆಯ ನೆವ ಇನ್ನಿರಲಿಲ್ಲ, ಹಾಗಾಗಿ ಸುಡಿಸಿಕೊಳ್ಳಲು ಮಣಿಪಾಲಕ್ಕೆ ಹೋದೆ. ಎಚ್ಚರದಲ್ಲೇ ಮಾಡಿದರು. ತಂತಿಯನ್ನು ಹೃದಯದೊಳಗೆ ತೂರಿಸಿ ಬೇಕೆಂದೇ ಅದನ್ನು ಓಡಿಸುತ್ತಾರೆ, ಕೆಟ್ಟ ದಾರಿ ಎಲ್ಲಿ ಎಂದು ಹುಡುಕಲು. ಮುಗಿದ ಮೇಲೆ ಕಾಲು ಮಡಚದೆ ಮಲಗಿರಬೇಕಿತ್ತು. ದೀಕ್ಷಾ ರಜೆ ಹಾಕಿ ಬಂದಿದ್ದಳು. ಚಮಚದಿಂದ ಗಂಜಿ ಕುಡಿಸಿದಳು, ಬಾಯಿ ಒರೆಸಿದಳು, ಒಂದು ಮಾತೂ ಆಡಲಿಲ್ಲ. ಪಕ್ಕದ ಮಂಚದವರು, ಎಂಥಾ ಮಗಳಪ್ಪ, ಪುಣ್ಯ ಮಾಡಿದ್ದೀರಿ ಎಂದರು. ಹೌದು ಎಂದೆ. ಸೆವ್ರಿನ್ ಬಾಯಿಯ ಬಗ್ಗೆ ನರ್ಸನ್ನು ಕೇಳಿದೆ, ಅವರು ಮಳೆಗಾಲದಲ್ಲೇ ತೀರಿಹೋದರಂತೆ.

ಬಿಡುಗಡೆ ಮಾಡುವಾಗ ಆ ಹುಡುಗಿ ಡಾಕ್ಟರ್ ನಗುತ್ತಾ, “ಇನ್ನು ದಿನಕ್ಕೊಂದು ಕಾಫಿ ಕುಡಿಯಬಹುದು” ಎಂದಳು. ನಾನು ಕುಡಿಯಲಿಲ್ಲ. ವಾಸನೆ ಬಂದರೆ ಸಾಕು, ಇಂಜೆಕ್ಷನ್ ಒಳಗೆ ಹೋದ ಆ ಕ್ಷಣ ನೆನಪಾಗಿ ಅಂಗೈ ಬೆವರುತ್ತಿತ್ತು. ಡಾಕ್ಟರ್ ಹೇಳಿದ್ದನ್ನು ಮಾತ್ರ ದೀಕ್ಷಾ ಕೇಳಿಸಿಕೊಂಡಿದ್ದಳು.

ಮೊನ್ನೆ ಹೆಬ್ರಿಯ ಕಡೆಯಿಂದ ಅವಳನ್ನು ನೋಡಲು ಬಂದಿದ್ದರು. ಹುಡುಗ ಪರವಾಗಿಲ್ಲ, ದೀಕ್ಷಾ ಒಪ್ಪಿದ್ದು ಖುಷಿಯಿಂದಲ್ಲ ಎಂದು ನನಗೆ ಗೊತ್ತು. ಕಾಪುವಿನ ಕಾಫಿಯ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಹುಡುಗನ ತಾಯಿ ಬಂದಾಗಿನಿಂದ ನನ್ನನ್ನು ಕೆಳಗಿನಿಂದ ಮೇಲೆ ನೋಡುತ್ತಿದ್ದರು. “ಅಮ್ಮನಿಗೆ ಹುಷಾರಿರಲಿಲ್ಲವಂತೆ?” ಎಂದು ಕೇಳಿಯೇಬಿಟ್ಟರು.

“ಎಂತ ಇಲ್ಲ, ಎಲ್ಲ ಸರಿಯಾಗಿದೆ” ಎನ್ನುತ್ತಾ ದೀಕ್ಷಾ ಒಳಗಿನಿಂದ ಟ್ರೇ ಹಿಡಿದು ಬಂದಳು. ಎಲ್ಲರಿಗೂ ಕೊಟ್ಟಳು. ಟ್ರೇಯಲ್ಲಿ ಒಂದು ಗ್ಲಾಸ್ ಉಳಿಯಿತು. ಅದನ್ನು ತಂದು ನನ್ನ ಕೈಗೆ ಕೊಟ್ಟಳು. ನಾನು ಅವಳ ಮುಖ ನೋಡಿದೆ. ಈ ಸಲ ಅವಳು ಕಣ್ಣು ಮಾಡಲಿಲ್ಲ, ಬಾಯಿಬಿಟ್ಟೇ ಹೇಳಿದಳು.

“ಕುಡಿ ಅಮ್ಮ. ಬಿಸಿ ಉಂಟು, ಮೆಲ್ಲ.”

ಕಾಪುವಿನಿಂದ ಬಂದ ಮೇಲೆ ಅವಳು ನನ್ನ ಹತ್ತಿರ ಮೃದುವಾಗಿ ಆಡಿದ ಮೊದಲ ಮಾತು ಅದು. ಬಂದವರಿಗೆ ಕೇಳಿಸಲಿ ಎಂದು ಆಡಿದ್ದು ಎಂದು ಗೊತ್ತಿದ್ದೂ ಕುಡಿದೆ. ಹುಡುಗನ ತಾಯಿ ನೋಡುತ್ತಿದ್ದರು, ಇವರು ನೋಡುತ್ತಿದ್ದರು. ಎದೆ ಸುಮ್ಮನೆ ತನ್ನಷ್ಟಕ್ಕೆ ಹೊಡೆದುಕೊಳ್ಳುತ್ತಿತ್ತು. ಗ್ಲಾಸ್ ಖಾಲಿಯಾಗುವವರೆಗೂ ದೀಕ್ಷಾ ಟ್ರೇ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದಳು. ಆಮೇಲೆ ಗ್ಲಾಸ್ ತೆಗೆದುಕೊಂಡು ಹೋಗಿ, ಹುಡುಗನ ತಾಯಿಯ ಹತ್ತಿರ ಕೂತಳು.